ಟ್ರೇಲಿಂಗ್ ಸ್ಪೌಸ್

ಸಂಗಾತಿಯ ನೌಕರಿಗಾಗಿ ತಮ್ಮ ಕೆಲಸ ಬಿಟ್ಟು ಪರದೇಶ ಸೇರುವವರಿಗೆ ಇಂಗ್ಲಿಷಿನಲ್ಲಿ ಈ ಹೆಸರು. 1981ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್'ನಲ್ಲಿ ಮೇರಿ ಬ್ರಾಲೋವ್ ಬರೆದ ಲೇಖನದಿಂದ ಇದು ಬಳಕೆಗೆ ಬಂತೆನ್ನುತ್ತಾರೆ.

'ಟ್ರೇಲ್' ಎಂದರೆ ಹಿಂದೆ ಹಿಂದೆ ಸಾಗುವುದು. 'ಸ್ಪೌಸ್' ಹುಟ್ಟಿದ್ದು ಮಾತು ಕೊಡುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ವೀಸಾ ಅರ್ಜಿಗಳಲ್ಲಿ ಕಾಣುವ 'ಸ್ಪಾನ್ಸರ್' ಕೂಡ ಅದೇ ಧಾತುವಿನದು.

ಪದ ಒಂದೇ, ಬದುಕು ಬೇರೆ ಬೇರೆ. ಜರ್ಮನಿಯಲ್ಲಿ ನುರಿತ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪಡೆದವರ ಸಂಗಾತಿಗೆ ದುಡಿಯುವ ಹಕ್ಕಿದೆ. ಆದರೆ ಬರೀ ಇಂಗ್ಲಿಷ್ ಬಲ್ಲ ನರ್ಸ್‌ಗೆ ಅಲ್ಲಿನ ಆಸ್ಪತ್ರೆ ಸೇರಲು ಜರ್ಮನ್ ಕಲಿಯುವುದು ಅನಿವಾರ್ಯ. ಅಮೆರಿಕದಲ್ಲಿ, ನೌಕರಿ ವೀಸಾದವರ ಸಂಗಾತಿಗೆ ಕೊಡುವ ಎಚ್-4 ವೀಸಾದವರಿಗೆ 2015ರವರೆಗೆ ದುಡಿಯಲು ಅನುಮತಿಯೇ ಇರಲಿಲ್ಲ. ಬೆಂಗಳೂರಿನಿಂದ ಹೋದ ಎಂಜಿನಿಯರ್ ಹೆಣ್ಣುಮಕ್ಕಳೂ ಕೈಕಟ್ಟಿ ಕೂರಬೇಕಾಯಿತು. ಆಮೇಲೂ ಆ ಅನುಮತಿ ದಕ್ಕಿದ್ದು ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗಷ್ಟೇ.

'ಹಿಂದೆ ಬರುವವರು' ಎಂಬ ಧ್ವನಿ ಹಲವರಿಗೆ ನೋವು ತಂದಿದ್ದರಿಂದ, ಈಗ ಜೊತೆಗೆ ಬಂದವರೆಂಬ ಅರ್ಥದ 'ಅಕಂಪನಿಯಿಂಗ್ ಪಾರ್ಟ್‌ನರ್' ಕೂಡ ಬಳಕೆಯಲ್ಲಿದೆ.