ವಾಕೋದ ಕ್ಯಾಮ್‌ಶಾಫ್ಟೂ ಬಸ್ಸಿನ ಎರಡು ಬಾಗಿಲೂ

ಟೋಕಿಯೋದ ಇಕೆಬುಕುರೋದಲ್ಲಿ ತೋಬು ತೋಜೋ ಲೈನಿನ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಕಾಲು ಗಂಟೆಯೊಳಗೆ ವಾಕೋ ಬರುತ್ತೆ. 1970ರಲ್ಲಿ ನಗರವಾಗಿ ಈ ಹೆಸರು ಪಡೆಯುವವರೆಗೂ ಇದು ಯಮಾತೋ ಅನ್ನೋ ಪಟ್ಟಣ. ನೋಡೋಕೆ ಅಂಥಾ ಚೆಂದದ ಊರೇನಲ್ಲ ಬಿಡಿ. ಆದರೆ ಇಂಜಿನ್ ಹುಚ್ಚಿನವರಿಗೆ ಇದು ಯಾತ್ರಾಸ್ಥಳ. 1950ರ ದಶಕದ ಆರಂಭದಲ್ಲಿ ಸೋಯಿಚಿರೋ ಹೋಂಡಾ ಇಲ್ಲಿ ಕಾರ್ಖಾನೆ ಕಟ್ಟಿದರು. 1960ರಲ್ಲಿ ಅವರ ಸಂಶೋಧನಾ ವಿಭಾಗ ಬೇರೆಯದೇ ಕಂಪನಿಯಾಗಿ ವಾಕೋದಲ್ಲಿ ಬೆಳೆಯಿತು.

ನಾನಿಲ್ಲಿ ಹೇಳಹೊರಟಿರೋದು ಕ್ಯಾಮ್‌ಶಾಫ್ಟ್ ಕಥೆ. ಬೆಂಗಳೂರಿನ ಗೆಳೆಯರೊಬ್ಬರು ಫೋನಲ್ಲಿ ಕೇಳಿದ್ದರು: "ಕಾರಿಗೆ ಸೂಪರ್‌ಚಾರ್ಜರ್ ಹಾಕಿಸ್ತಿದೀನಿ ಗುರೂ, ಜೊತೆಗೆ ಒಂದು ರೇಸ್ ಕ್ಯಾಮೂ ಹಾಕಿಸಿಬಿಡ್ಲಾ?" ಪ್ರಶ್ನೆ ಸಣ್ಣದು. ಉತ್ತರದ ಹಿಂದೆ ಮಾತ್ರ ದೊಡ್ಡ ಇತಿಹಾಸವಿದೆ.

ಕ್ಯಾಮ್‌ಶಾಫ್ಟ್ ಅಂದರೆ ಮೈಮೇಲೆ ಉಬ್ಬುಗಳಿರುವ ಒಂದು ಕಬ್ಬಿಣದ ದಂಡ. ಅದು ತಿರುಗಿದಂತೆ ಒಂದೊಂದು ಉಬ್ಬೂ ವಾಲ್ವನ್ನು ಒತ್ತಿ ತೆರೆಯುತ್ತೆ. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು ಆ ಉಬ್ಬನ್ನು ಅರೆದು ರೂಪಿಸುವಾಗಲೇ ತೀರ್ಮಾನ. ಆಮೇಲೆ ಬದಲಾಯಿಸೋಕಾಗಲ್ಲ. ಹಾಗಾಗಿ ಕ್ಯಾಮ್ ಆರಿಸೋದು ಅಂದರೆ ಇಂಜಿನ್ ಯಾವ ವೇಗದಲ್ಲಿ ಸುಖವಾಗಿ ಉಸಿರಾಡಬೇಕು ಅಂತ ಆರಿಸೋದು.

ಹೋಂಡಾದವರ ಆಯ್ಕೆ ಯಾವತ್ತೂ ಮೇಲಿನ ವೇಗವೇ. 1963ರಲ್ಲಿ ಬಂದ ಅವರ ಮೊದಲ ನಾಲ್ಕು ಚಕ್ರದ ವಾಹನ ಟಿ360 ಒಂದು ಪುಟಾಣಿ ಲಾರಿ, ಬರೀ 354 ಸಿಸಿ. ಅಂಥಾ ಲಾರಿಗೂ ಎರಡು ಕ್ಯಾಮ್‌ಶಾಫ್ಟ್, 8,500 ಆರ್‌ಪಿಎಂನಲ್ಲಿ 30 ಕುದುರೆಶಕ್ತಿ! ತರಕಾರಿ ಸಾಗಿಸೋ ಗಾಡಿಗೆ ರೇಸ್ ಬೈಕಿನ ಎದೆ.

ಇಂಥ ಇಂಜಿನ್ನಿಗೆ 'ಓವರ್‌ಲ್ಯಾಪ್' ಬೇಕು. ಹೊಗೆ ಹೊರಹೋಗುವ ವಾಲ್ವ್ ಮುಚ್ಚುವ ಮೊದಲೇ ಗಾಳಿ ಒಳಬರುವ ವಾಲ್ವ್ ತೆರೆದು, ಒಂದು ಕ್ಷಣ ಎರಡೂ ತೆರೆದಿರುವ ಸ್ಥಿತಿ ಅದು. ನಮ್ಮ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಮುಂದಿನ ಬಾಗಿಲಲ್ಲಿ ಜನ ಇಳಿಯುತ್ತಿರುವಾಗಲೇ ಹಿಂದಿನ ಬಾಗಿಲಲ್ಲಿ ಹತ್ತುತ್ತಾರೆ, ಬಸ್ ಬೇಗ ತುಂಬುತ್ತೆ. ವೇಗ ಹೆಚ್ಚಿದಾಗ ಹೊರಗೋಡುವ ಹೊಗೆಯೇ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತೆ. ವೇಗ ಕಡಿಮೆ ಇದ್ದಾಗ ಇದೇ ಉಪಾಯ ಕೈಕೊಡುತ್ತೆ: ಹೊಗೆ ವಾಪಸ್ ನುಗ್ಗಿ, ಸಿಗ್ನಲ್ಲಿನಲ್ಲಿ ನಿಂತ ಗಾಡಿ ಗೊರಗೊರ ಅನ್ನುತ್ತೆ.

1989ರಲ್ಲಿ ಹೋಂಡಾ ಇಂಟೆಗ್ರಾದಲ್ಲಿ ಬಂದ ವಿಟೆಕ್ ಈ ಇಕ್ಕಟ್ಟಿಗೆ ಉತ್ತರ. ನಿಧಾನಕ್ಕೊಂದು ಉಬ್ಬು, ವೇಗಕ್ಕೊಂದು ಉಬ್ಬು, ಎರಡೂ ಒಂದೇ ದಂಡದ ಮೇಲೆ. ಎಣ್ಣೆಯ ಒತ್ತಡ ಒಂದು ಪಿನ್ನನ್ನು ತಳ್ಳಿ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತೆ. 1.6 ಲೀಟರಿಗೆ 160 ಕುದುರೆಶಕ್ತಿ, ಅದೂ ಯಾವ ಗಾಳಿಯಂತ್ರದ ಸಹಾಯವಿಲ್ಲದೆ.

ಇನ್ನು ಸೂಪರ್‌ಚಾರ್ಜರಿಗೆ ಬನ್ನಿ. ಇದು ಕುಲುಮೆಯ ತಿದಿಯ ದೊಡ್ಡಣ್ಣ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ನಿಜಕ್ಕೂ ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಿತ್ತು. ಅದೇ ತತ್ವ ಕಾರಿಗೆ ಬಂದಾಗ ಇಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಕೆಲಸವೇ ಉಳಿಯಲಿಲ್ಲ, ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ. ಈಗ ಬಸ್ಸಿನ ಎರಡೂ ಬಾಗಿಲು ತೆರೆದಿಟ್ಟು ಹಿಂದಿನಿಂದ ಜೋರಾಗಿ ನೂಕಿ ನೋಡೋಣ. ಹತ್ತಿದವನು ಸೀದಾ ಮುಂದಿನ ಬಾಗಿಲಿಂದ ಕೆಳಗೆ! ದುಡ್ಡು ಕೊಟ್ಟು ಒತ್ತಿದ ಗಾಳಿ, ಅದರ ಜೊತೆ ಪೆಟ್ರೋಲೂ ಸೈಲೆನ್ಸರ್ ಪಾಲು. ಎರಡು ಉಬ್ಬುಗಳ ತುದಿಗಳ ನಡುವಿನ ಕೋನ ಹಿಗ್ಗಿದರೆ ಓವರ್‌ಲ್ಯಾಪ್ ಕುಗ್ಗುತ್ತೆ. ಅದಕ್ಕೇ ಅಮೆರಿಕದ ವಿ8 ಮೆಕ್ಯಾನಿಕ್ಕುಗಳು ಬ್ಲೋವರ್ ಇರುವ ಇಂಜಿನ್ನಿಗೆ ಸಾಮಾನ್ಯವಾಗಿ 112ರಿಂದ 116 ಡಿಗ್ರಿಯ ಕ್ಯಾಮ್ ಆರಿಸುತ್ತಾರೆ. ಹೆಚ್ಚು ಗಾಳಿ ಉರಿದರೆ ಹೊಗೆಯೂ ಹೆಚ್ಚು ತಾನೆ? ಅದಕ್ಕಾಗಿ ಹೊಗೆಯ ವಾಲ್ವನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತಾರೆ.

ಜಪಾನಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. 1986ರ ಟೊಯೋಟಾ ಎಂಆರ್2ಗೆ ಸೂಪರ್‌ಚಾರ್ಜರ್ ಹಾಕಿದಾಗ ಕಂಪ್ರೆಷನ್ ಅನುಪಾತವನ್ನು 9.4ರಿಂದ 8ಕ್ಕೆ ಇಳಿಸಿದರು. ಒತ್ತಿದ ಗಾಳಿ ಬಿಸಿಯಾಗುತ್ತೆ, ಬಿಸಿ ಹೆಚ್ಚಿದರೆ ಇಂಜಿನ್ ನಾಕ್ ಮಾಡಿ ಪಿಸ್ಟನ್ನಿಗೇ ಸಂಚಕಾರ. 1993ರ ಮಾಜ್ದಾ ಯೂನೋಸ್ 800 ಇದೇ ಕೆಲಸವನ್ನು ಕ್ಯಾಮಿನ ಕೈಲಿ ಮಾಡಿಸಿತು. ಪಿಸ್ಟನ್ ಮೇಲೇರಲು ಶುರುಮಾಡಿದ ಮೇಲೂ ಒಳಬಾಗಿಲು ತುಸು ಹೊತ್ತು ತೆರೆದೇ ಇರುತ್ತಿತ್ತು. ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾಯಿತು, ಕೊರತೆಯನ್ನು ಸೂಪರ್‌ಚಾರ್ಜರ್ ತುಂಬಿತು. ಅಮೆರಿಕದ ಇಂಜಿನಿಯರ್ ರಾಲ್ಫ್ ಮಿಲ್ಲರ್ ಹೆಸರಿನ ಮಿಲ್ಲರ್ ಸೈಕಲ್ ಇದೇ.

ಕಡೆಗೆ ಹೋಂಡಾದವರೂ ಬದಲಾದರು. 2015ರ ಸಿವಿಕ್ ಟೈಪ್ ಆರ್‌ಗೆ ಟರ್ಬೋ ಬಂತು. ಟರ್ಬೋದ ಲೆಕ್ಕ ಸೂಪರ್‌ಚಾರ್ಜರಿನದಲ್ಲ, ಅದು ಹೊಗೆಯ ಬಲದಿಂದಲೇ ತಿರುಗುವಂಥದ್ದು. ಆದರೂ ಗಮನಿಸಿ: ವಿಟೆಕ್ ಅಲ್ಲಿ ಗಾಳಿ ಒಳಬರುವ ಕಡೆ ಇಲ್ಲ, ಹೊಗೆ ಹೊರಹೋಗುವ ಕಡೆ ಇದೆ. ತಳ್ಳುವವನು ಬಂದ ಮೇಲೆ ಎಳೆಯುವ ಚಿಂತೆ ಕಡಿಮೆಯಾಯಿತು, ಆಚೆ ಕಳಿಸುವ ಚಿಂತೆ ಉಳಿಯಿತು.

ಗೆಳೆಯರಿಗೆ ನಾನು ಹೇಳಿದ್ದಿಷ್ಟೇ. ರಸ್ತೆಯ ಕಾರು ದಿನಕ್ಕೆ ಹತ್ತು ನಿಮಿಷವೂ 7,000 ಆರ್‌ಪಿಎಂ ಮುಟ್ಟೋದಿಲ್ಲ. ರೇಸ್ ಕ್ಯಾಮೂ ಸೂಪರ್‌ಚಾರ್ಜರೂ ಒಂದೇ ಕಾಯಿಲೆಗೆ ಎರಡು ಔಷಧಿ, ಒಟ್ಟಿಗೆ ನುಂಗಿದರೆ ಎರಡರ ಗುಣವೂ ಕೆಡುತ್ತೆ. ಮೊದಲು ಕಂಪನಿ ಕೊಟ್ಟ ಸಾಧು ಕ್ಯಾಮಿನ ಜೊತೆಗೇ ಬ್ಲೋವರ್ ಓಡಿಸಿ ನೋಡಿ. ಆಮೇಲೂ ಬದಲಾಯಿಸಲೇಬೇಕು ಅನ್ನಿಸಿದರೆ, ಓವರ್‌ಲ್ಯಾಪ್ ಕಡಿಮೆ ಇರೋದನ್ನೇ ಆರಿಸಿ. ಅದರ ಸದ್ದು ಕೇಳಿ ಬೀದಿಯವರು ತಿರುಗಿ ನೋಡಲಿಕ್ಕಿಲ್ಲ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇಂಜಿನ್ ನಿಂತುಹೋಗೋದಿಲ್ಲ, ಖಾಲಿ ರಸ್ತೆ ಸಿಕ್ಕಾಗ ಒತ್ತಿದ ಗಾಳಿಯೆಲ್ಲ ಒಳಗೇ ಉರಿಯುತ್ತೆ.