ಪೇರಾಂಬ್ರದ ನರ್ಸ್ ಬರೆದ ಚೀಟಿ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಓದಲು ಕೂತವರಿಗೆ ಸಂಖ್ಯೆಗಳಿಗೇನೂ ಬರವಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ಬರಹಗಳನ್ನು ತಿರುವಿಹಾಕಿದರೆ ಸತ್ತವರ ಲೆಕ್ಕ, ಖಾಲಿ ಮಾಡಿಸಿದ ಮನೆಗಳ ಲೆಕ್ಕ, ಖರ್ಚಿನ ಲೆಕ್ಕ ಕಣ್ಣಿಗೆ ಬೀಳುತ್ತದೆ. ಆದರೆ ರೋಗಿಯ ಬಾಯಿಗೆ ನೀರು ಬಿಟ್ಟವರು ಯಾರು, ಅವನ ಹಾಸಿಗೆ ಬದಲಿಸಿದವರು ಯಾರು ಎಂದು ಹುಡುಕಲು ಹೊರಟರೆ ಕಾಗದಗಳು ಬಾಯಿ ಬಿಡುವುದು ಅಪರೂಪ. ಸಂಶೋಧನೆಗೆಂದು ಇಂಥವನ್ನು ಓದಿ ಓದಿ ಬೇಸತ್ತ ನನಗೆ ಲಿನಿ ಪುದುಶ್ಶೇರಿ ಎಂಬ ನರ್ಸ್ ಆಸ್ಪತ್ರೆಯ ಹಾಸಿಗೆಯಿಂದ ಬರೆದ ಕೆಲವೇ ಸಾಲುಗಳ ಚೀಟಿ ಬಹಳ ದೊಡ್ಡ ದಾಖಲೆಯಾಗಿ ಕಾಣುತ್ತದೆ.

ಲಿನಿ ಕೇರಳದ ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಇಬ್ಬರು ಪುಟ್ಟ ಗಂಡುಮಕ್ಕಳ ತಾಯಿ. ಗಂಡ ಬಹರೈನಿನಲ್ಲಿ ದುಡಿಯುತ್ತಿದ್ದರು. ಮಲಬಾರಿನ ಎಷ್ಟೋ ಮನೆಗಳ ಕಥೆಯೇ ಇದು: ಒಬ್ಬರು ಗಲ್ಫ್‌ನಲ್ಲಿ, ಇನ್ನೊಬ್ಬರು ಊರಲ್ಲಿ ರಾತ್ರಿ ಪಾಳಿಯಲ್ಲಿ. ಆಕೆಯ ನೌಕರಿ ಕಾಯಂ ಆಗಿರಲಿಲ್ಲ. ಈ ಮಾತನ್ನು ಯಾಕೋ ಶ್ರದ್ಧಾಂಜಲಿಗಳು ಬೇಗ ದಾಟಿಬಿಡುತ್ತವೆ.

2018ರ ಮೇ ತಿಂಗಳ ಮೊದಲ ವಾರ ಪೇರಾಂಬ್ರ ಸಮೀಪದ ಹಳ್ಳಿಯ ಯುವಕನೊಬ್ಬ ಜ್ವರವೆಂದು ಆ ಆಸ್ಪತ್ರೆಗೆ ಬಂದ. ಅವನ ಆರೈಕೆ ಮಾಡಿದವರಲ್ಲಿ ಲಿನಿಯೂ ಒಬ್ಬರು. ಮೇ 5ರಂದು ಅವನು ತೀರಿಕೊಂಡಾಗ ಅದು ಯಾವ ರೋಗವೆಂದು ಯಾರಿಗೂ ಗೊತ್ತಿರಲಿಲ್ಲ. ಅದೇ ಮನೆಯ ಇನ್ನೊಬ್ಬ ಮಗನೂ ಅದೇ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರಿದಾಗ ಕಲ್ಲಿಕೋಟೆಯ ವೈದ್ಯರಿಗೆ ಅನುಮಾನ ಹುಟ್ಟಿತು. ಮಾದರಿಗಳು ಬಂದದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ ನಿಪಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ಪ್ರಯೋಗಾಲಯ ಅದನ್ನು ಖಚಿತಪಡಿಸಿತು. ಬೆನ್ನಿಗೇ, ಮೇ 21ರಂದು ಲಿನಿ ತೀರಿಕೊಂಡರು. ಸೋಂಕು ಹರಡೀತೆಂದು ದೇಹವನ್ನು ಮನೆಗೆ ಒಯ್ಯಲಿಲ್ಲ, ಅವಸರದಲ್ಲೇ ದಹನ ಮುಗಿಯಿತು. ಆ ಸುತ್ತಿನಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟವರು 18 ಮಂದಿ. ಬದುಕುಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಿಪಾ ಭಾರತಕ್ಕೆ ಹೊಸತಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಜನರಿಗೆ ತಗುಲಿ 45 ಮಂದಿ ಸತ್ತರು. ಅದು ನಿಪಾ ಎಂದು ತಿಳಿದದ್ದು ವರ್ಷಗಳ ನಂತರ. ಅಲ್ಲಿಯೂ ರೋಗ ಹಬ್ಬಿದ್ದು ಹೆಚ್ಚಾಗಿ ಆಸ್ಪತ್ರೆಗಳೊಳಗೆ. ಆಸ್ಪತ್ರೆಯ ಸಿಬ್ಬಂದಿ, ರೋಗಿಗಳನ್ನು ನೋಡಲು ಬಂದವರು ಬಲಿಯಾದರು. ಅವರಲ್ಲೂ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಪಾಳಿಗೆ ಬಂದವರು ಇದ್ದಿರಲೇಬೇಕು. ಅವರ ಹೆಸರನ್ನು ಯಾವ ಊರಿನಲ್ಲಿ ಯಾರು ಹೇಳುತ್ತಾರೆ? ಪೇರಾಂಬ್ರದ್ದೂ ಹಾಗೆಯೇ ಒಂದು ಅಂಕಿಯಾಗಿ ಕೊನೆಗೊಳ್ಳುತ್ತಿತ್ತು. ಹಾಗಾಗದಂತೆ ತಡೆದದ್ದು ಆ ಚೀಟಿ.

ಪ್ರತ್ಯೇಕ ವಾರ್ಡಿನಿಂದ ಗಂಡನಿಗೆ, ಮಲಯಾಳ ಇಂಗ್ಲಿಷ್ ಬೆರೆಸಿ ಬರೆದದ್ದು ಅದು. ನಾನು ಹೊರಟಿದ್ದೇನೆ, ನಿಮ್ಮನ್ನು ನೋಡಲಾಗುವುದಿಲ್ಲವೇನೋ, ಕ್ಷಮಿಸಿ ಎಂಬರ್ಥದ ಮಾತುಗಳಿಂದ ಶುರುವಾಗುತ್ತದೆ. ಇಷ್ಟನ್ನೇ ಓದಿ ನಾವೆಲ್ಲ ಕಣ್ಣೀರು ಹಾಕಿದೆವು. ಆದರೆ ಮುಂದಿನ ಸಾಲುಗಳಲ್ಲಿ ಇರುವುದು ವಿದಾಯಕ್ಕಿಂತ ಹೆಚ್ಚಾಗಿ ವ್ಯವಸ್ಥೆ. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಿ, ಚಿಕ್ಕವನನ್ನು ಗಲ್ಫಿಗೆ ಕರೆದೊಯ್ಯಿರಿ, ನಮ್ಮ ಅಪ್ಪನಂತೆ ಒಂಟಿಯಾಗಬೇಡಿ. ಪಾಳಿ ಮುಗಿಸಿ ಮನೆಗೆ ಹೊರಡುವ ನರ್ಸ್ ಮುಂದಿನವರಿಗೆ ಎಲ್ಲವನ್ನೂ ಒಪ್ಪಿಸಿ ಹೋಗುವ ರೀತಿಯಲ್ಲೇ ಇದೆ. ತನ್ನ ತ್ಯಾಗ, ಬಲಿದಾನ ಎಂಬ ಮಾತೇ ಇಲ್ಲ. ಆ ಪದಗಳನ್ನು ನಾವು ನಂತರ ಸೇರಿಸಿಕೊಂಡೆವು.

ಸೇರಿಸಿಕೊಂಡದ್ದು ಸುಳ್ಳು ಅಂತಲ್ಲ. ಕೇರಳ ಸರ್ಕಾರ ಇಬ್ಬರು ಮಕ್ಕಳಿಗೂ ತಲಾ 10 ಲಕ್ಷ ರೂಪಾಯಿ, ಗಂಡನಿಗೆ ಸರ್ಕಾರಿ ಕೆಲಸ ಕೊಟ್ಟಿತು. ಅತ್ಯುತ್ತಮ ನರ್ಸ್ ಪ್ರಶಸ್ತಿಗೆ ಆಕೆಯ ಹೆಸರಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಜಿಮ್ ಕ್ಯಾಂಪ್‌ಬೆಲ್, ಗಾಜಾದ ರಜಾನ್ ಅಲ್ ನಜ್ಜಾರ್ ಮತ್ತು ಲೈಬೀರಿಯಾದ ಸಲೋಮಿ ಕಾರ್ವಾ ಜೊತೆಗೆ ಲಿನಿಯನ್ನು ನೆನೆದರು. ಸಲೋಮಿಯೂ ತಾಯಿಯೇ. ಎಬೋಲಾ ಗೆದ್ದು ಎಬೋಲಾ ರೋಗಿಗಳ ಸೇವೆಗೆ ನಿಂತಿದ್ದಾಕೆ, 2017ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಸತ್ತರು.

ಆದರೆ ಅದೇ ಮೇ ತಿಂಗಳ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಪೇರಾಂಬ್ರ ಆಸ್ಪತ್ರೆಯ ಬೇರೆ ನರ್ಸ್‌ಗಳು ಬಸ್ಸು ಹತ್ತಿದರೆ ಪಕ್ಕದವರು ದೂರ ಸರಿಯುತ್ತಿದ್ದರು, ಆಟೋದವರು ಹತ್ತಿಸಿಕೊಳ್ಳುತ್ತಿರಲಿಲ್ಲ. ಸತ್ತ ನರ್ಸ್‌ಗೆ ದೇಶವೇ ಕೈಮುಗಿಯುತ್ತಿದ್ದ ದಿನಗಳಲ್ಲಿ, ಅದೇ ವಾರ್ಡಿನಲ್ಲಿ ದುಡಿದು ಬದುಕಿದ್ದವರಿಗೆ ಮನೆಗೆ ಹೋಗಲು ಗಾಡಿ ಸಿಗುತ್ತಿರಲಿಲ್ಲ. ಎರಡು ವರ್ಷ ಕಳೆದು ಕೊರೊನಾ ಬಂದಾಗ ಬಾಡಿಗೆ ಮನೆ ಖಾಲಿ ಮಾಡಿ ಎನಿಸಿಕೊಂಡ ನರ್ಸ್‌ಗಳ ಸುದ್ದಿ ಓದುತ್ತ ನನಗೆ ಮತ್ತೆ ಪೇರಾಂಬ್ರದ ಆ ಬಸ್ಸು ನೆನಪಾಯಿತು.

ಲಿನಿಯ ಗಂಡ 2022ರಲ್ಲಿ ಮರುಮದುವೆಯಾದರು. ಮಕ್ಕಳೂ ಜೊತೆಗಿದ್ದ ಆ ಮದುವೆಯ ಸುದ್ದಿ ಓದಿದ ದಿನ ನಾನು ಆ ಚೀಟಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ. ಒಂಟಿಯಾಗಬೇಡಿ ಎಂದಿದ್ದರಲ್ಲ.