ಬಾಡಿಗೆ ಇಲ್ಲ, ಬಡ್ಡಿ ಇಲ್ಲ: ಹಾಸನ ಸೀಮೆಯ ಮನೆ ಭೋಗ್ಯದ ಬಗ್ಗೆ ಒಂದು ಟಿಪ್ಪಣಿ

ಮನೆ ಕಟ್ಟಿಸಿ ಬಾಡಿಗೆಗೆ ಬಿಡುವುದು, ವರ್ಷ ವರ್ಷ ಬಾಡಿಗೆ ಏರಿಸುವುದು, ಏರಿದ ಬಾಡಿಗೆಯನ್ನೇ ತೋರಿಸಿ ಆಸ್ತಿಗೆ ಹೆಚ್ಚು ಬೆಲೆ ಹೇಳುವುದು: ರಿಯಲ್ ಎಸ್ಟೇಟ್ ಹೂಡಿಕೆಯ ಮೊದಲ ಪಾಠ ಇದು. ಹಾಸನ, ಚನ್ನರಾಯಪಟ್ಟಣದ ಬಡಾವಣೆಗಳಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಹಳೆಯ ಲೆಕ್ಕವೂ ನಡೆಯುತ್ತದೆ. ಗೇಟಿಗೆ ತೂಗುಹಾಕಿದ ರಟ್ಟಿನ ಮೇಲೆ ‘ಮನೆ ಭೋಗ್ಯಕ್ಕಿದೆ’ ಎಂದು ಬರೆದಿರುತ್ತದೆ, ಕೆಳಗೊಂದು ಫೋನ್ ನಂಬರು. ಒಂದು ದೊಡ್ಡ ಮೊತ್ತ ಕೊಟ್ಟು ಮನೆಗೆ ಬಂದವರು ತಿಂಗಳ ಬಾಡಿಗೆ ಕೊಡುವಂತಿಲ್ಲ. ವಾಯಿದೆ ಮುಗಿದ ದಿನ ಮಾಲೀಕರು ಅಷ್ಟೇ ಹಣ ಹಿಂದಿರುಗಿಸಬೇಕು. ಈಗ ‘ಲೀಸ್‌ಗೆ’ ಎನ್ನುವವರೂ ಇದ್ದಾರೆ, ಆದರೆ ಭೋಗ್ಯವೇ ಸರಿಯಾದ ಮಾತು. ಏಕೆಂದರೆ ಇದು ಗೇಣಿಯಲ್ಲ, ಸಾಲ.

ಈ ಭೇದ ಹೊಸದೇನಲ್ಲ. ಯಾಜ್ಞವಲ್ಕ್ಯ ಸ್ಮೃತಿ ಒತ್ತೆಯನ್ನು ಗೋಪ್ಯ, ಭೋಗ್ಯ ಎಂದು ಬೇರೆ ಮಾಡುತ್ತದೆ. ಕಾಪಿಟ್ಟುಕೊಳ್ಳುವುದು ಗೋಪ್ಯ, ಅನುಭವಿಸಬಹುದಾದದ್ದು ಭೋಗ್ಯ. ಫಲವನ್ನು ಅನುಭವಿಸುವ ಒತ್ತೆ ಎಷ್ಟು ಕಾಲ ಕಳೆದರೂ ಸಾಲ ಕೊಟ್ಟವನ ಪಾಲಾಗುವುದಿಲ್ಲ ಎಂಬುದು ಅಲ್ಲಿಯ ನಿಯಮ. ಇದಕ್ಕೆ ‘ಮಿತಾಕ್ಷರಾ’ ವ್ಯಾಖ್ಯೆ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿದ್ದೂ ಹೆಚ್ಚುಕಡಿಮೆ ಇದೇ ನೆಲೆಯನ್ನು: ಭೋಗ್ಯಕ್ಕೆ ಕೊಟ್ಟವನು ಸಾಲ ತೀರಿಸದ ಹೊರತು ಬಿಡಿಸಿಕೊಳ್ಳುವ ಕಾಲಮಿತಿಯ ಎಣಿಕೆಯೇ ಶುರುವಾಗದು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದಕ್ಕೊಂದು ಹತ್ತಿರದ ಸಾಕ್ಷ್ಯವಿದೆ. ಶ್ರವಣಬೆಳಗೊಳದ 1634ರ ಶಾಸನದ ಪ್ರಕಾರ ಅಲ್ಲಿಯ ಸ್ಥಾನಿಕರು ದೇವರ ದತ್ತಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ವರ್ತಕರನ್ನು ಕರೆಸಿ, ಸಾಲ ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ಹಣ ಪಡೆಯದೆ, ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಅರಸರೇ ಕರೆಸಿದ ಮೇಲೆ ಪುಣ್ಯದ ಆಸೆ ಎಷ್ಟು, ಭಯ ಎಷ್ಟು ಎಂಬುದನ್ನು ಶಾಸನ ಹೇಳುವುದಿಲ್ಲ. ಆ ದತ್ತಿಯನ್ನು ಮುಂದೆ ಅಡವಿಡುವುದಕ್ಕೂ ಅಡವು ಹಿಡಿಯುವುದಕ್ಕೂ ನಿಷೇಧ ಹಾಕಲಾಯಿತು.

ಇನ್ನು ಈ ಪದ್ಧತಿ ಇಂದಿಗೂ ಏಕೆ ಉಳಿದಿದೆ ಎಂಬ ಪ್ರಶ್ನೆ. ಒಂದು ಕಲ್ಪಿತ ಲೆಕ್ಕ ನೋಡೋಣ. ತಿಂಗಳಿಗೆ 4,500 ರೂ. ಬಾಡಿಗೆ ಬರಬಹುದಾದ ಮನೆ, 6 ಲಕ್ಷಕ್ಕೆ ಮೂರು ವರ್ಷದ ಭೋಗ್ಯ. ಅದೇ ಹಣವನ್ನು ಬ್ಯಾಂಕಿನಲ್ಲಿ ಶೇ. 6ರ ಠೇವಣಿ ಇಟ್ಟರೆ ಭೋಗ್ಯದಾರರಿಗೆ ತಿಂಗಳಿಗೆ 3,000 ಸಿಗುತ್ತಿತ್ತು. ಮಾಲೀಕರು ಹೊರಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 6,000 ಕಟ್ಟಬೇಕಿತ್ತು. ಇಬ್ಬರಿಗೂ 1,500 ಉಳಿಯಿತು. ಅಂದರೆ ಭೋಗ್ಯ ಬದುಕಿರುವುದು ಠೇವಣಿಯ ಬಡ್ಡಿಗೂ ಸಾಲದ ಬಡ್ಡಿಗೂ ನಡುವಿನ ಕಂದಕದಲ್ಲಿ. ಮೊತ್ತವನ್ನು ನಿರ್ಧರಿಸುವುದರಲ್ಲಿ ಮನೆಯ ಟೈಲ್ಸಿಗಿಂತ ಬಡ್ಡಿಯ ದರಕ್ಕೇ ಹೆಚ್ಚು ಕೈ ಎಂಬುದು ನನ್ನ ಅಭಿಪ್ರಾಯ.

ಬಂಡವಾಳ ಬೆಳೆಯುವುದೂ ಇಲ್ಲೇ. ಕೆಳಮನೆಯ ಭೋಗ್ಯದ ಹಣದಲ್ಲಿ ಮೇಲಂತಸ್ತು ಏಳುತ್ತದೆ. ವಾಯಿದೆ ಮುಗಿದಾಗ ಹಳಬರಿಗೆ ಕೊಡುವ ದುಡ್ಡು ಹೊಸಬರಿಂದ ಬರುತ್ತದೆ. 2006ರಲ್ಲಿ ಹಾಸನಕ್ಕೆ ವೈದ್ಯಕೀಯ ಕಾಲೇಜು ಬಂತು, 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಓಡಿತು. ಇಂಥವುಗಳಿಂದ ನಿವೇಶನದ ಬೆಲೆ ಏರಿದರೆ ಆ ಏರಿಕೆ ಪೂರ್ತಿ ಮಾಲೀಕರದು. ಭೋಗ್ಯದಾರರ 6 ಲಕ್ಷ ಮಾತ್ರ ಮೂರು ವರ್ಷವಾದರೂ 6 ಲಕ್ಷವೇ. ಬೆಲೆಯೇರಿಕೆ ಅದರಲ್ಲಿ ತಿಂದದ್ದೇ ಯಾರೂ ಬರೆಯದ ಬಾಡಿಗೆ.

ಹೊಳೆನರಸೀಪುರ, ಅರಕಲಗೂಡಿನ ಕಡೆ ಹೊಲಗದ್ದೆಯನ್ನೂ ಸೇರಿಸಿ ನೋಡಬೇಕು. ಅಲ್ಲಿ ಭೋಗ್ಯ ಎಂಬ ಒಂದು ಪದ ಬಹಳ ದುಬಾರಿಯಾಯಿತು. ಭೂಸುಧಾರಣಾ ಕಾಯ್ದೆಯ 4ನೇ ಕಲಂ ಸ್ವಾಧೀನ ಅಡಮಾನದಾರನನ್ನು, ಅಂದರೆ ಭೋಗ್ಯಕ್ಕೆ ಹಿಡಿದವನನ್ನು, ಗೇಣಿದಾರ ಎಂದು ಒಪ್ಪುವುದಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದ ಗೇಣಿದಾರರು ಅದನ್ನು ಪಡೆಯುವ ಹಕ್ಕುಳ್ಳವರಾದರು. ಅದೇ ಮಣ್ಣನ್ನು ಭೋಗ್ಯಕ್ಕೆ ಹಿಡಿದು ಉಳುತ್ತಿದ್ದವರಿಗೆ ಆ ಬಾಗಿಲು ಮುಚ್ಚಿತ್ತು.

ಪಟ್ಟಣದ ಭೋಗ್ಯದಾರರ ತೊಡಕು ಬೇರೆ, ಅದು ಕಾಗದದ್ದು. ಆಸ್ತಿ ವರ್ಗಾವಣೆ ಕಾಯ್ದೆಯ 59ನೇ ಕಲಂ ಪ್ರಕಾರ 100 ರೂಪಾಯಿ ಮತ್ತು ಮೇಲ್ಪಟ್ಟ ಇಂಥ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಆದರೆ ಮುದ್ರಾಂಕ, ನೋಂದಣಿಯ ಖರ್ಚು ಯಾರಿಗೆ ಬೇಕೆಂದು ಲಕ್ಷಗಳ ವ್ಯವಹಾರ ಛಾಪಾಕಾಗದ, ನೋಟರಿ ಸೀಲಿನಲ್ಲೇ ಮುಗಿಯುವುದುಂಟು. ಅದರಲ್ಲಿ ‘ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ’ ಎಂಬ ಸಾಲು. ಕರೆಂಟ್ ಬಿಲ್ಲು, ನೀರಿನ ಬಿಲ್ಲು ಯಾರದೆಂಬ ಸಾಲು. ಹಣ ಕೈಸೇರುವವರೆಗೆ ಮನೆ ಬಿಡತಕ್ಕದ್ದಲ್ಲವೆಂಬ ಸಾಲು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯ ನೋಟಿಸು ಬಾಗಿಲಿಗೆ ಅಂಟಿದ ದಿನ ಆ ಕೊನೆಯ ಸಾಲು ಆಸರೆಗೆ ಬರುವುದು ಕಷ್ಟ.

ನೋಂದಣಿಯಾಗದ ಭೋಗ್ಯ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುವುದಿಲ್ಲ. ಅದಕ್ಕೇ ಮನೆ ಕೊಳ್ಳಲು ಬಂದ ಅನುಭವಸ್ಥರು ಇ.ಸಿ. ಓದಿ ಮಡಚಿಟ್ಟ ಮೇಲೂ ಮೆಟ್ಟಿಲು ಹತ್ತಿ, ಮೇಲ್ಮನೆಯ ಬಾಗಿಲು ತಟ್ಟಿ ಕೇಳುತ್ತಾರೆ: “ಬಾಡಿಗೆಗಿದೀರಾ ಅಮ್ಮಾ, ಭೋಗ್ಯಕ್ಕಾ?”